ದಾರದ ಬಣ್ಣ ಹೇಳುವ ಫೋನು

ಹಾವೇರಿಯಿಂದ ಬ್ಯಾಡಗಿ ಹಾದು ರಾಣೆಬೆನ್ನೂರಿಗೆ ಹೋಗುವ ಬಸ್ಸಿನಲ್ಲಿ ಕಳೆದ ತಿಂಗಳು ಕೂತಿದ್ದೆ. ಬ್ಯಾಡಗಿ ಇನ್ನೂ ಒಂದು ಮೈಲಿ ಇರುವಾಗಲೇ ಕಿಟಕಿಯಿಂದ ಒಣಮೆಣಸಿನಕಾಯಿಯ ಘಾಟು ಒಳಗೆ ನುಗ್ಗಿತು. ಮುಂದಿನ ಸೀಟಿನವರು ಸೀನಿದರು, ಅವರ ಹಿಂದೆಯೇ ಕಂಡಕ್ಟರ್ ಸೀನಿದ, ಆಮೇಲೆ ಬಸ್ಸಿಗೆ ಬಸ್ಸೇ ಶುರುಮಾಡಿತು. ನಾನು ಮಾತ್ರ ಸೀನಲಿಲ್ಲ. ಒಂದು ಇಡೀ ಸುಗ್ಗಿ ಆ ಘಾಟಿನಲ್ಲೇ ಕೂತು ಕೆಲಸ ಮಾಡಿದವಳ ಮೂಗು ಅಷ್ಟು ಸುಲಭಕ್ಕೆ ಸೋಲುವುದಿಲ್ಲ. ಕಣ್ಣು ಮಾತ್ರ ತುಂಬಿ ಬಂತು. ಅದಕ್ಕೆ ಮೆಣಸಿನಕಾಯಿಯೊಂದೇ ಕಾರಣ ಎಂದು ಪಕ್ಕದವರಿಗೆ ಹೇಳಿದೆ.

ನಾನು ಹೊರಟಿದ್ದು ಮೇಡ್ಲೇರಿಗೆ, ಶಾಂತವ್ವನನ್ನು ನೋಡಲು. ಅವಳ ಅತ್ತೆ ನಿಂಗವ್ವ ತೀರಿಕೊಂಡು ವರ್ಷವಾಗಿತ್ತು. "ಈಗ ಆ ಕತಿ ಬರದ್ರ ಅಡ್ಡಿ ಇಲ್ರಿ ಅಕ್ಕಾರ. ಆಕಿ ಇರೂತನಕ ಬ್ಯಾಡ ಅಂದಿದ್ದೆ" ಎಂದು ಶಾಂತವ್ವ ಫೋನಿನಲ್ಲಿ ಹೇಳಿದ್ದಳು. ನಾನು ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದದ್ದು ಆ ಒಂದು ಚಳಿಗಾಲದ ವಿಷಯಕ್ಕೆ.

ಆಗ ನಾವು ಮೂವರು. ಹಾವೇರಿಯ ಹಿರೇಮಠ ಸರ್, ಬ್ಯಾಡಗಿಯವನೇ ಆದ ಇಮ್ತಿಯಾಜ್, ಹಾವೇರಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ನಾನು. ಊರವರಿಗೆ, ರೈತರಿಗೆ ಬೇಕಾಗುವ ಮೊಬೈಲ್ ಸೇವೆಗಳನ್ನು ರೂಪಿಸುವುದು ನಮ್ಮ ಕೆಲಸ. ಬಾಡಿಗೆ ಕಡಿಮೆ ಎಂದು ಸರ್ ಆಫೀಸು ಹಿಡಿದದ್ದು ಬ್ಯಾಡಗಿಯ ಒಂದು ಮೆಣಸಿನಕಾಯಿ ಅಂಗಡಿಯ ಮಾಳಿಗೆಯ ಮೇಲೆ. ಕೆಳಗೆ ದಿನವಿಡೀ ಹೆಂಗಸರು ಕಾಯಿಯ ತೊಟ್ಟು ಬಿಡಿಸುತ್ತಿದ್ದರು, ಮೇಲೆ ನಾವು ತಲೆ ಕೆರೆದುಕೊಳ್ಳುತ್ತಿದ್ದೆವು. ಬಣ್ಣಬಣ್ಣದ ಅಂಟುಚೀಟಿಗಳ ಮೇಲೆ ಒಂದೊಂದು ಐಡಿಯಾ ಬರೆದು ಗೋಡೆಗೆ ಹಚ್ಚಬೇಕು, ಯಾರ ಐಡಿಯಾಕ್ಕೂ ಯಾರೂ ನಗಬಾರದು, ಮೊದಲು ನೂರು ಬರಲಿ, ಒಳ್ಳೆಯದು ಯಾವುದೆಂದು ಆಮೇಲೆ ನೋಡೋಣ ಎಂಬುದು ಸರ್ ಹಾಕಿದ ಕಟ್ಟಳೆ. ಅವರು ಎಲ್ಲೋ ತರಬೇತಿಯಲ್ಲಿ ಕಲಿತು ಬಂದದ್ದು. ನಮ್ಮಲ್ಲಿ ಐಡಿಯಾ ಬರುವ ಮೊದಲು ಸೀನು ಬರುತ್ತಿತ್ತು, ಸೀನಿದ ರಭಸಕ್ಕೆ ಚೀಟಿ ಉದುರುತ್ತಿದ್ದವು. "ಬಿದ್ದದ್ದು ಬಿಡ್ರಿ, ಉಳದದ್ದ ಗಟ್ಟಿ ಐಡಿಯಾ" ಎಂದು ಇಮ್ತಿಯಾಜ್ ಗಂಭೀರವಾಗಿ ಹೇಳುತ್ತಿದ್ದ.

ಆ ಸುಗ್ಗಿಯಲ್ಲಿ ನಮಗೆ ಬಂದ ಕೆಲಸ ರಾಣೆಬೆನ್ನೂರಿನ ಕಡೆಯ ಬೀಜ ಬೆಳೆಗಾರರ ಸಂಘವೊಂದರದು. ಅಲ್ಲಿ ಬೆಂಡೆಯನ್ನು ಸಾರಿಗಲ್ಲ, ಬೀಜಕ್ಕೆಂದು ಬೆಳೆಯುವ ಮನೆಗಳು ಬಹಳ. ಎರಡು ತಳಿಗಳನ್ನು ಕೈಯಿಂದ ಕೂಡಿಸಿ ಬೀಜ ಮಾಡಬೇಕು. ನಾಳೆ ಅರಳಲಿರುವ ಮೊಗ್ಗನ್ನು ಇವತ್ತು ಸಂಜೆಯೇ ಹುಡುಕಿ, ಹೆಬ್ಬೆರಳಿನ ಉಗುರಿನಿಂದ ಸುತ್ತಲೂ ಗೀರಿ, ಅದರ ಗಂಡು ಭಾಗವನ್ನು ಟೋಪಿ ತೆಗೆದಂತೆ ತೆಗೆದು, ಗುರುತಿಗೆ ಕೆಂಪು ಕಾಗದದ ಚೀಲ ತೊಡಿಸಬೇಕು. ಬೆಳಿಗ್ಗೆ ಆ ಚೀಲ ತೆಗೆದು, ಇನ್ನೊಂದು ತಳಿಯ ಹೂವಿನ ಪುಡಿ ಮುಟ್ಟಿಸಿ, ತೊಟ್ಟಿಗೆ ದಾರ ಕಟ್ಟಬೇಕು. ಎಲ್ಲರೂ ಇದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ದಾರ ಇದ್ದ ಕಾಯಿ ಬೀಜದ ಕಾಯಿ. ದಾರ ಇಲ್ಲದ್ದು ತನ್ನಷ್ಟಕ್ಕೆ ತಾನು ಕಟ್ಟಿದ್ದು, ಅದು ಸಾರಿಗೆ ಆದೀತು, ಬೀಜದ ಚೀಲಕ್ಕೆ ಮಾತ್ರ ಬೀಳಕೂಡದು. ಅಂಥವು ಅಷ್ಟಿಷ್ಟು ಸೇರಿದರೂ ಇಡೀ ಚೀಲ ಕೆಟ್ಟಂತೆ.

ಮೇಡ್ಲೇರಿಯಲ್ಲಿ ಹನ್ನೆರಡು ಹೆಣ್ಣುಮಕ್ಕಳ ಒಂದು ಗುಂಪಿತ್ತು. ಹನ್ನೆರಡೂ ಜನರಿಗೆ ನದಿಯ ನೀರು ಹಾಯುವ ಚೂರುಚೂರು ಹೊಲ. ಇವತ್ತು ಇವಳ ಹೊಲ, ನಾಳೆ ಅವಳದು ಎಂದು ಮುಯ್ಯಿಗೆ ಕೆಲಸ ಮಾಡುತ್ತಿದ್ದರು, ಬೀಜವನ್ನೂ ಒಟ್ಟುಗೂಡಿಸಿಯೇ ಕಳಿಸುತ್ತಿದ್ದರು. ಶಾಂತವ್ವ ಅವರ ಮುಖಂಡಳು. ಹಿಂದಿನ ವರ್ಷ ಅವರ ಬೀಜ ಪರೀಕ್ಷೆಯಲ್ಲಿ ಬಿದ್ದಿತ್ತು, ತಾನಾಗಿ ಕಟ್ಟಿದ ಕಾಯಿಯ ಬೀಜ ಬೆರೆತಿದೆ ಎಂದು ತಿರುಗಿ ಬಂದಿತ್ತು. ಸಂಘದ ಅಧ್ಯಕ್ಷರು ತುಂಬಿದ ಸಭೆಯಲ್ಲಿ ಮೈಕು ಹಿಡಿದು, "ಮೇಡ್ಲೇರಿ ಶಾಂತವ್ವನ ಕೈ ಶುದ್ಧ ಇಲ್ಲ, ಎಣಿಕಿ ಹೆಚ್ಚು ತೋರಸಾಕ ಸಿಕ್ಕದ್ದಕ್ಕೆಲ್ಲಾ ದಾರ ಕಟ್ಯಾಳ" ಎಂದಿದ್ದರು. ಇನ್ನೊಂದು ಸಲ ಹೀಗಾದರೆ ಗುಂಪನ್ನೇ ಕೈಬಿಡುತ್ತೇವೆ ಎಂದೂ ಹೇಳಿದ್ದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂಬ ಮಾತಿದೆಯಲ್ಲ, ಶಾಂತವ್ವ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಆ ಸಭೆಯ ನಂತರ ಸಂಘದ ಮೆಟ್ಟಿಲನ್ನೇ ಹತ್ತಿರಲಿಲ್ಲ, ಅಷ್ಟೆ.

"ಹೆಣ್ಣುಮಕ್ಕಳಿಗೆ ಮರವು ಬಾಳ. ನೆನಪು ಮಾಡೂವಂಥಾದ್ದೊಂದು ಮೊಬೈಲ್‌ನ್ಯಾಗ ಮಾಡಿಕೊಡ್ರಿ" ಎಂದು ಅಧ್ಯಕ್ಷರು ನಮಗೆ ಹೇಳಿದರು. ನಾವೂ ಹೌದೆಂದು ತಲೆಯಾಡಿಸಿ ಬಂದೆವು. ತಪ್ಪು ಅಲ್ಲಿಂದಲೇ ಶುರುವಾಯಿತು, ಯಾಕೆಂದರೆ ಆ ಹೆಂಗಸರನ್ನು ನಾವು ಇನ್ನೂ ನೋಡಿಯೇ ಇರಲಿಲ್ಲ.

ಮೊದಲು ಮಾಡಿದ್ದು ಒಂದು ಚೆಂದದ ಆ್ಯಪು. ಸಾಲಿನ ಚಿತ್ರ, ಹೂವಿನ ಚಿತ್ರ, ಕೆಳಗೆ ಬಲಮೂಲೆಯಲ್ಲಿ ಹೆಬ್ಬೆರಳಿಗೆ ಸಿಗುವಂತೆ ಒಂದು ದುಂಡನೆಯ ಗುಂಡಿ. ಒಂದು ಮೊಗ್ಗು ಮುಗಿದರೆ ಒಮ್ಮೆ ಒತ್ತಬೇಕು. ನನಗೆ ಅದರ ಮೇಲೆ ಎಷ್ಟು ಅಭಿಮಾನವೆಂದರೆ ಮೇಡ್ಲೇರಿಗೆ ಹೋಗುವ ದಿನ ಹೊಸ ಸೀರೆ ಉಟ್ಟಿದ್ದೆ. ಶಾಂತವ್ವ ಫೋನು ಇಸಿದುಕೊಂಡಳು, ಒತ್ತಿದಳು. ಏನೂ ಆಗಲಿಲ್ಲ. ಮತ್ತೆ ಒತ್ತಿದಳು. ಇಮ್ತಿಯಾಜ್ ಬಗ್ಗಿ ನೋಡಿದ. ಅವಳ ಹೆಬ್ಬೆರಳಿನ ಉಗುರು ಅರ್ಧ ಇಂಚು ಬೆಳೆದಿತ್ತು, ಬೆಂಡೆಯ ಲೋಳೆ ಹತ್ತಿ ಕಪ್ಪಾಗಿತ್ತು. ಪರದೆಗೆ ತಾಗುತ್ತಿದ್ದದ್ದು ಬೆರಳಲ್ಲ, ಉಗುರು. ಹನ್ನೆರಡು ಜನರಿಗೂ ಅಂಥದೇ ಉಗುರು.

"ಉಗುರು ಸ್ವಲ್ಪ ಕತ್ತರಸಿದ್ರ ಆಕ್ಕೈತ್ರಿ ಅಕ್ಕಾ" ಎಂದ ಇಮ್ತಿಯಾಜ್.

"ನಿನ್ನ ಫೋನಿನ ಸಲುವಾಗಿ ನನ್ನ ಕುಡಗೋಲು ಮುರಕೊಳ್ಳಲೇನೋ ತಮ್ಮಾ?" ಎಂದು ಶಾಂತವ್ವ ಕೇಳಿದಳು. ಹನ್ನೆರಡೂ ಜನ ನಕ್ಕ ನಗೆಗೆ ಬದುವಿನ ಮೇಲಿನ ಕೊಕ್ಕರೆಗಳು ಎದ್ದು ಹಾರಿದವು. ನಾನು ಇಂಗು ತಿಂದ ಮಂಗನ ಹಾಗೆ ಹೊಸ ಸೀರೆಯಲ್ಲಿ ನಿಂತಿದ್ದೆ.

ಎರಡನೆಯ ಸಲ ಪರದೆಯೇ ಬೇಡವೆಂದು ಧ್ವನಿಗೆ ಹೋದೆವು. ಬೆಳಗಾಗುತ್ತಲೇ ಅವರ ಫೋನಿಗೆ ಕರೆ ಹೋಗಬೇಕು, ಮಾಡಬೇಕಾದ ಕೆಲಸ ಹೇಳಬೇಕು. ಒಳ್ಳೆಯ ಕಂಠದವರೊಬ್ಬರಿಂದ "ಮಾನ್ಯ ರೈತ ಮಹಿಳೆಯರೇ, ಶುಭೋದಯ" ಎಂದು ಓದಿಸಿದೆವು. ಮೂರು ದಿನದಲ್ಲಿ ಒಬ್ಬಳೂ ಆ ಕರೆಯನ್ನು ಪೂರ್ತಿ ಕೇಳಲಿಲ್ಲ, ಎತ್ತಿದ ಕೂಡಲೇ ಇಡುತ್ತಿದ್ದರು. ಯಾಕೆ ಎಂದು ಶಾಂತವ್ವನನ್ನು ಕೇಳಿದೆ. "ನಮಗ ಮಾನ್ಯ ಅಂದಾರಂದ್ರ ಏನೋ ಮಾರಾಕ ಬಂದಾರಂತ ತಿಳೀತೈತ್ರಿ" ಎಂದಳು. ಆ ಕರೆಯನ್ನು ಅಂದೇ ನಿಲ್ಲಿಸಿದೆವು.

ಮತ್ತೆ ಗೋಡೆಯ ಮುಂದೆ ನಿಂತೆವು. ಕಾಯಿಗೊಂದು ಬಾರ್‌ಕೋಡ್ ಚೀಟಿ ಅಂಟಿಸುವುದು, ಹೊಲಕ್ಕೊಂದು ಕ್ಯಾಮೆರಾ, ಗಿಡದ ಮೇಲೆ ಹಾರಾಡಿ ಎಣಿಸುವ ಯಂತ್ರ. ನೂರನೆಯ ಚೀಟಿ ಹಚ್ಚಿದ ದಿನ ಸರ್ ಚಹಾ ತರಿಸಿದರು, ಚಹಾ ಕುಡಿಯುತ್ತ ಗೋಡೆಯನ್ನು ಎಡದಿಂದ ಬಲಕ್ಕೆ ಓದಿದರು. ಓದಿ ಮುಗಿಸಿ ನನ್ನ ಕಡೆ ತಿರುಗಿ, "ಸುಮಾ, ಇದರಾಗ ಒಂದೂ ಅವರ ಮನಿಯಿಂದ ಬಂದದ್ದಿಲ್ಲ. ಗ್ವಾಡಿಗೆ ಮಾರಿ ಕೊಟ್ಟು ಕುಂತ್ರ ಗ್ವಾಡಿನ ಕಾಣ್ತೈತಿ. ಹೋಗು, ಎಂಟು ದಿನ ಅಲ್ಲೇ ಇರು. ಏನೂ ಮಾಡಬ್ಯಾಡ, ಕೆಲಸ ಕಲಿ" ಎಂದರು. ಸರ್ ಮಾಡಿದ ಅತ್ಯಂತ ದೊಡ್ಡ ಕೆಲಸ ಆ ಮಾತು ಎಂದು ನಾನು ಈಗಲೂ ಎಲ್ಲರಿಗೂ ಹೇಳುತ್ತೇನೆ.

ರಾಣೆಬೆನ್ನೂರಿನಿಂದ ಸಂಜೆಯ ಬಸ್ಸಿಗೆ ಮೇಡ್ಲೇರಿಗೆ ಹೋಗಿ ಶಾಂತವ್ವನ ಮನೆಯಲ್ಲಿ ಇಳಿದೆ. ಬೆಳಗಿನ ಜಾವ ತುಂಗಭದ್ರೆಯ ಕಡೆಯಿಂದ ಮಂಜು ಬಂದು ಬೆಂಡೆಯ ಸಾಲುಗಳು ಸೊಂಟದ ಮಟ್ಟ ಮುಚ್ಚಿಹೋಗುತ್ತಿದ್ದವು, ಕೆಂಪು ಚೀಲಗಳಷ್ಟೇ ಮೇಲೆ ಕಾಣುತ್ತಿದ್ದವು. ಬೆಂಡೆಯ ಸುಂಕು, ಅದರ ಮೈಮೇಲಿನ ಸಣ್ಣ ಮುಳ್ಳುಗೂದಲು, ಹತ್ತಿ ನನ್ನ ಕೈಯೆಲ್ಲ ತುರಿಸಿತು. ಶಾಂತವ್ವ ಗಂಡನ ಹಳೆಯ ಕಾಲುಚೀಲದ ತುದಿ ಕತ್ತರಿಸಿ ನನ್ನ ಕೈಗೆ ತೊಡಿಸಿದಳು. ಎರಡು ದಿನದಲ್ಲಿ ನಾನು ಗೀರಿದ ಮೊಗ್ಗುಗಳಲ್ಲಿ ಅರ್ಧ ಹಾಳಾದವು. ಅವಳ ಉಗುರು ಮಾತ್ರ ಮೊಗ್ಗಿನ ಸುತ್ತ ಒಮ್ಮೆ ಸುಳಿದರೆ ಮುಗಿಯಿತು, ಒಳಗಿನ ಎಳೆಗೆ ಒಂದು ಗೀರೂ ಆಗುತ್ತಿರಲಿಲ್ಲ. ಎಲೆಯ ಮರೆಯಲ್ಲಿದ್ದ ಮೊಗ್ಗನ್ನು ನೋಡದೆಯೇ ಮುಟ್ಟಿ, "ಇದು ನಾಳಿಂದಲ್ಲ, ನಾಡದ್ದಿಂದು" ಎನ್ನುತ್ತಿದ್ದಳು. ಮರೆವಿನ ಹೆಣ್ಣುಮಕ್ಕಳು ಎಂದ ಅಧ್ಯಕ್ಷರನ್ನು ಒಂದು ಸಂಜೆ ಆ ಸಾಲಿನಲ್ಲಿ ನಿಲ್ಲಿಸಬೇಕು ಅನ್ನಿಸಿತು. ಅಂಥ ಕೈ ಇದ್ದವಳ ಹೊಲದಲ್ಲಿ ತಪ್ಪು ಎಲ್ಲಿಂದ ಬಂತು ಎಂಬುದೊಂದೇ ನನಗೆ ಬಗೆಹರಿಯಲಿಲ್ಲ.

ಮನೆಯಲ್ಲಿ ಅವಳ ಅತ್ತೆ ನಿಂಗವ್ವ ಇದ್ದಳು. ಎಪ್ಪತ್ತು ದಾಟಿದ್ದರೂ ಕೈ ಸುಮ್ಮನಿರುತ್ತಿರಲಿಲ್ಲ, ಹಳೆಯ ಸೀರೆಗಳನ್ನು ಸೇರಿಸಿ ಕೌದಿ ಹೊಲಿಯುವ ಕೈ ಅದು. ನಾನು ಹೋಗುವ ನಾಲ್ಕೈದು ದಿನ ಮೊದಲು ಅಮಾವಾಸ್ಯೆಯಾಗಿತ್ತು. ನಮ್ಮ ಕಡೆ ಅಮಾವಾಸ್ಯೆ ದಿನ ಹೊಲದ ಕೆಲಸ ಮಾಡುವುದಿಲ್ಲ, ಎತ್ತು ಹೂಡುವುದಿಲ್ಲ, ಆಳು ಬರುವುದಿಲ್ಲ. ಆದರೆ ಬೆಂಡೆಯ ಮೊಗ್ಗಿಗೆ ಅಮಾವಾಸ್ಯೆ ಗೊತ್ತಿಲ್ಲ. ಆ ಸಂಜೆ ಯಾರೂ ಮುಟ್ಟದ ಮೊಗ್ಗುಗಳೆಲ್ಲ ಮರುದಿನ ತಮ್ಮಷ್ಟಕ್ಕೆ ಅರಳುತ್ತವೆ. ಅವನ್ನು ಬೆಳಿಗ್ಗೆಯೇ ಕಿತ್ತೊಗೆಯುತ್ತಾರೆ, ಆದರೂ ಎಲೆಯ ಮರೆಯಲ್ಲಿ ಕೆಲವು ತಪ್ಪಿಸಿಕೊಂಡು ಕಾಯಿ ಕಟ್ಟುತ್ತವೆ. ದಾರ ಇಲ್ಲದ್ದರಿಂದ ಕೊಯ್ಲಿನ ದಿನ ಅವು ಗಿಡದಲ್ಲೇ ಉಳಿಯುತ್ತವೆ, ಅದರಿಂದ ತೊಂದರೆಯಿಲ್ಲ.

ಮೂರನೆಯ ದಿನ ಬೆಳಿಗ್ಗೆ ಬೇರೆಯವರ ಹೊಲಕ್ಕೆ ಹೊರಟಿದ್ದೆವು. ಕೆಂಪು ಚೀಲಗಳ ಕಟ್ಟು ಮರೆತಿದ್ದೇವೆಂದು ಶಾಂತವ್ವ ಮತ್ತು ನಾನು ಅವಳ ಹೊಲದ ಕಡೆ ಹೊರಳಿದೆವು. ಅಲ್ಲಿ ಸಾಲಿನ ನಡುವೆ ನಿಂಗವ್ವ ಬಗ್ಗಿ ನಿಂತಿದ್ದಳು. ಬದುವಿನ ಮೇಲೆ ಬಿದ್ದಿದ್ದ ಬಿಳಿ ದಾರದ ಉಂಡೆ ಅವಳ ಉಡಿಯಲ್ಲಿತ್ತು. ದಾರವಿಲ್ಲದ ಕಾಯಿಗಳನ್ನು ಹುಡುಕಿ ಹುಡುಕಿ ಒಂದೊಂದಕ್ಕೂ ದಾರ ಕಟ್ಟುತ್ತಿದ್ದಳು.

"ಅಮ್ಮಾ, ಏನ್ ಮಾಡಾಕತ್ತೀರಿ?" ಎಂದೆ.

"ಬಾ ತಂಗಿ. ಈ ಹುಡುಗ್ಯಾರು ಲಗೂ ಲಗೂ ಕಟ್ಟಿ ಓಡ್ತಾವು, ಎಷ್ಟೋ ಕೂಸು ಹಂಗ ಉಳೀತಾವು. ಉಡದಾರ ಇಲ್ಲದ ಕೂಸಿನಂಗ ಬರೇ ಮೈಲೆ ನಿಂತಾವ ನೋಡು ಪಾಪ. ಹ್ವಾದ ವರ್ಷನೂ ನಾನ ಕಟ್ಟಿದ್ದು." ಮುಖದಲ್ಲಿ ಎಂಥ ಸಂತೋಷವಿತ್ತೆಂದರೆ, ಹೆತ್ತ ಮಗುವಿಗೇ ಉಡದಾರ ಕಟ್ಟುತ್ತಿದ್ದಳೇನೋ ಅನ್ನಬೇಕು.

ಶಾಂತವ್ವ ನನ್ನ ಪಕ್ಕದಲ್ಲೇ ಇದ್ದಳು. ಅವಳೂ ಇದನ್ನು ನೋಡಿದ್ದು ಅದೇ ಮೊದಲು. ಒಂದು ವರ್ಷ ಯಾವ ಮಾತನ್ನು ನುಂಗಿಕೊಂಡಿದ್ದಳೋ ಅದರ ಮೂಲ ಕಣ್ಣೆದುರಿಗಿತ್ತು. ಕೂಗುತ್ತಾಳೆ ಎಂದುಕೊಂಡೆ. ಅವಳು ಅತ್ತೆಯ ಹತ್ತಿರ ಹೋಗಿ, ಉಡಿಯಿಂದ ದಾರದ ಉಂಡೆ ತೆಗೆದುಕೊಂಡು, "ಇಬ್ಬನಿ ಬಾಳ ಐತಿ ಅತ್ತಿ, ಮನಿಗೆ ನಡೀರಿ. ಕಾಲು ಹಿಡಕೋತಾವು" ಎಂದಳು. ಮುದುಕಿ ಹೋದ ಮೇಲೆ ಬದುವಿನ ಮೇಲೆ ಕುಕ್ಕರಿಸಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನಾಳೆನ ಹೋಗಿ ಅಧ್ಯಕ್ಷರಿಗೆ ಹೇಳ್ತೀನಿ. ನಿಮ್ಮ ಮ್ಯಾಲಿನ ಅಪವಾದ ಹೋಕ್ಕೈತಿ" ಎಂದೆ.

"ಹೇಳಿದ್ರ ನನ್ನ ಮ್ಯಾಲಿಂದು ಹೋಕ್ಕೈತಿ, ಖರೇ. ಆಕಿ ಮ್ಯಾಲ ಕುಂದರತೈತಿ. ಹನ್ನೆರಡು ಮನಿ ಅನ್ನ ತಾನ ಕೆಡಿಸಿದ್ದು ಅಂತ ಗೊತ್ತಾದ್ರ ಆಕಿ ಒಂದು ತುತ್ತು ನುಂಗಾಕಿ ಅಲ್ಲ. ನನ್ನ ಹೆಸರು ಮುಂದಿನ ಬೀಜ ತೊಳೀತೈತ್ರಿ. ನೀವು ಯಾರ ಮುಂದನೂ ಬಾಯಿ ಬಿಡಬ್ಯಾಡ್ರಿ."

"ಹಂಗಾರ ಹೊಲಕ್ಕ ಬರಬ್ಯಾಡ್ರಿ ಅನ್ರಿ."

"ಹೊಲಕ್ಕ ಬ್ಯಾಡ ಅಂದ್ರ ಮನ್ಯಾಗ ಮಲಗಿಬಿಡ್ತಾಳ. ಆಕೀ ಕೈಗೆ ಕಟ್ಟಬ್ಯಾಡ ಅನಬಾರದು ಅಕ್ಕಾರ. ಆ ಕೈಗೆ ಕೆಲಸ ಕೊಡಬೇಕು. ನೀವು ಇಷ್ಟು ಕಲತಾರು, ಅದಕ್ಕೊಂದು ದಾರಿ ಹುಡುಕ್ರಿ."

ಅಂದು ಅವಳು ಮಾಡಿದ ಕೆಲಸ ನೆನೆದರೆ ಈಗಲೂ ನನಗೆ ಕೈಮುಗಿಯಬೇಕು ಅನ್ನಿಸುತ್ತದೆ. ಎಲ್ಲ ಕಾಯಿಗೂ ಅದೇ ಬಿಳಿ ದಾರ, ಅತ್ತೆ ಕಟ್ಟಿದ್ದು ಯಾವುದು, ತಾವು ಕಟ್ಟಿದ್ದು ಯಾವುದು ಎಂದು ಬೇರೆ ಮಾಡುವ ಹಾಗಿಲ್ಲ. ತನ್ನ ಹೊಲದಲ್ಲಿ ಅಲ್ಲಿಯವರೆಗೆ ಕಟ್ಟಿದ್ದ ಅಷ್ಟೂ ಕಾಯಿಗಳನ್ನು ಅವಳು ಕಿತ್ತಳು. ಎರಡು ವಾರದ ದುಡಿಮೆ. ಉಳಿದ ಹನ್ನೊಂದು ಜನ ಯಾಕೆ ಎಂದು ಕೇಳಿದ್ದಕ್ಕೆ, "ನನ್ನ ಹೊಲದ್ದಕ್ಕ ಹುಳಾ ಬಿದ್ದಾವು" ಎಂದಳು. ನಿಂಗವ್ವ ಬಂದು, "ಅಯ್ಯ ನಿನ್ನ! ಚೊಲೋ ಕಾಯಿ ಕಿತ್ತಿ ಹಾಳಾದಾಕಿ" ಎಂದು ಬೈದಳು. ಶಾಂತವ್ವ ಬೈಸಿಕೊಂಡು ಕೀಳುತ್ತಲೇ ಇದ್ದಳು.

ದಾರಿ ಹುಡುಕು ಎಂದಿದ್ದಳಲ್ಲ, ನನಗೆ ಮಾತ್ರ ಏನೂ ಹೊಳೆಯಲಿಲ್ಲ. ನೂರು ಚೀಟಿ ಬರೆದ ಕೈ ಖಾಲಿ. ಮರುದಿನ ಮಧ್ಯಾಹ್ನ ನಿಂಗವ್ವ ಅಂಗಳದಲ್ಲಿ ಕೌದಿಗಳನ್ನು ಬಿಸಿಲಿಗೆ ಹರವಿದ್ದಳು. ಹೊತ್ತು ಹೋಗದೆ ಪಕ್ಕದಲ್ಲಿ ಕೂತು, ಇಷ್ಟು ಬಣ್ಣದ ನೂಲು ಯಾಕಮ್ಮಾ ಎಂದೆ. "ಯಾಕಂದ್ರ? ನೂಲು ನೋಡಿದ್ರ ವರ್ಷ ತಿಳೀತೈತಿ. ಈ ಹಸರು ನೂಲು ಹೊಲಿಯೂವಾಗ ನನ್ನ ಮಗಾ ಹುಟ್ಟಿದ್ದ. ಈ ಕೆಂಪಿನ್ಯಾಗ ಹೊಳಿ ಬಂದಿತ್ತು. ಹಳದೀದು ಶಾಂತಿ ಮದವಿ ಆಗಿ ಬಂದ ವರ್ಷ" ಎಂದು ಬೆರಳಿಟ್ಟು ಹೇಳುತ್ತ ಹೋದಳು. ಒಂದು ಅಕ್ಷರ ಬಾರದ ಮುದುಕಿ ನಲವತ್ತು ವರ್ಷವನ್ನು ನೂಲಿನ ಬಣ್ಣದಿಂದ ಓದುತ್ತಿದ್ದಳು. ನಾನು ಬಾಯಿ ತೆರೆದುಕೊಂಡು ಕೇಳಿದೆ. ಆಮೇಲೆ ಎದ್ದು ಶಾಂತವ್ವ ಇದ್ದ ಹೊಲದವರೆಗೆ ಓಡಿದೆ, ಖರೇ ಹೇಳುತ್ತೇನೆ, ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತಿದ್ದೆ.

ಬದುವಿನ ಮೇಲೆ ಕೂತು ಇಬ್ಬರೂ ಸೇರಿಯೇ ಅದನ್ನು ಕಟ್ಟಿದೆವು. ದಿನಕ್ಕೊಂದು ಬಣ್ಣದ ದಾರ. ಆ ದಿನದ ಬಣ್ಣವನ್ನು ಬೆಳಿಗ್ಗೆ ಫೋನು ಹೇಳುತ್ತದೆ. ನನ್ನ ಯೋಚನೆ ಅಲ್ಲಿಗೆ ನಿಂತಿತ್ತು, ಮುಂದಿನದೆಲ್ಲ ಶಾಂತವ್ವನದು. "ದಾರದ ಡಬ್ಬಿ ಅತ್ತಿ ಕೈಯಾಗ ಇರಲಿ. ಫೋನು ಬಣ್ಣ ಹೇಳಿದ್ ಮ್ಯಾಲ ಆಕಿ ಆ ಒಂದು ಬಣ್ಣ ಅಷ್ಟ ತಗದು ಹನ್ನೆರಡು ಮಂದಿಗೂ ಕೊಡಲಿ. ಹತ್ತು ಗಂಟೇಕ ತಿರಗಿ ಇಸಗೊಂಡು ಡಬ್ಬಿ ಮುಚ್ಚಲಿ. ಡಬ್ಬಿ ಮುಚ್ಚಿದ್ ಮ್ಯಾಲ ಆಕಿನೂ ಕಟ್ಟಂಗಿಲ್ಲ, ಯಾರೂ ಕಟ್ಟಂಗಿಲ್ಲ" ಎಂದಳು. ಅಮಾವಾಸ್ಯೆಯ ಮರುದಿನ? "ಅವತ್ತ ಫೋನು ದಾರ ಇಲ್ಲ ಅನಲಿ. ಅರಳಿದ್ದೆಲ್ಲಾ ಕೀಳ್ರಿ ಅನಲಿ." ದಾರವಿಲ್ಲದ ದಿನವೂ ಒಂದು ಬಣ್ಣವೇ ಎಂದು ನನಗೆ ಹೊಳೆದೇ ಇರಲಿಲ್ಲ. ಧ್ವನಿ ಯಾರದು ಎಂದು ಕೇಳಲಿಲ್ಲ, ಅಲ್ಲೇ ನನ್ನ ಫೋನನ್ನು ಅವಳ ಬಾಯಿಯ ಮುಂದೆ ಹಿಡಿದೆ.

"ಏಳ್ರವ್ವಾ, ಬೆಳಕಾತು. ಇವತ್ತ ಹಳದಿ ದಾರ" ಎಂದಳು. ಸರದಿಯಂತೆ ತಿರುಗಿ ಬರುವ ಎಂಟು ಬಣ್ಣಕ್ಕೆ ಎಂಟು ಸಲ, ದಾರವಿಲ್ಲದ ದಿನಕ್ಕೆ ಇನ್ನೊಂದು ಸಲ ಹೇಳಿದಳು.

ಬ್ಯಾಡಗಿಗೆ ಮರಳಿ ಸರ್‌ಗೆ ವಿವರಿಸಿದಾಗ ಅವರು ಎದ್ದು ಗೋಡೆಯ ನೂರೂ ಚೀಟಿಗಳನ್ನು ಕಿತ್ತರು. ಡಬ್ಬಿ ಮುದುಕಿಯ ಕೈಯಲ್ಲೇ ಯಾಕೆ ಎಂದು ಕೇಳಿದರು. "ದಾರದ ಮ್ಯಾಲ ಆಕಿಗಿಂತ ಹೆಚ್ಚು ಮಾಯೆ ಇದ್ದಾರು ಇಲ್ರಿ ಸರ್" ಎಂದೆ. ಸುಳ್ಳೇನೂ ಆಗಿರಲಿಲ್ಲ. ಇಮ್ತಿಯಾಜ್ ನಾಲ್ಕೇ ದಿನದಲ್ಲಿ ಕೆಲಸ ಮುಗಿಸಿದ. ಕರೆ ಸಾದಾ ಬಟನ್ ಫೋನಿಗೇ ಹೋಗುತ್ತಿತ್ತು. ದಾರ ಕಟ್ಟಿ ಮುಗಿದ ಮೇಲೆ ಅದೇ ನಂಬರಿಗೆ ಒಂದು ಮಿಸ್ ಕಾಲ್ ಕೊಟ್ಟರೆ ಆ ದಿನದ ಬಣ್ಣ ಮುಗಿಯಿತು ಎಂದು ನಮ್ಮಲ್ಲಿ ದಾಖಲಾಗುತ್ತಿತ್ತು. ತಿಂಗಳು ದಾಟಿ ಕಾಯಿ ಒಣಗಿದಾಗ ಅದೇ ಧ್ವನಿ, "ಇವತ್ತ ಹಸರು ದಾರದ್ದು ಬಿಡಸ್ರಿ" ಎನ್ನುತ್ತಿತ್ತು. ಬಟನ್ನು ಒತ್ತಲು ಆ ಉಗುರಿಗಿಂತ ಒಳ್ಳೆಯ ಸಾಧನ ಇರಲಿಲ್ಲ.

ಮೊದಲ ಕರೆ ಹೋದ ಬೆಳಿಗ್ಗೆ ನಾನು ಅಲ್ಲಿದ್ದೆ. ಶಾಂತವ್ವನ ಫೋನಿನಿಂದ ಶಾಂತವ್ವನದೇ ದನಿ ಬಂದಾಗ ಅವಳು ನಾಚಿ ಒಳಗೆ ಓಡಿದಳು. ನಿಂಗವ್ವ ಮಾತ್ರ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಡಬ್ಬಿ ತೊಡೆಯ ಮೇಲಿಟ್ಟುಕೊಂಡು ತಯಾರಾಗಿದ್ದಳು. ಹನ್ನೆರಡು ಜನರಿಗೂ ಹಳದಿ ದಾರ ಅಳೆದು ಕೊಟ್ಟಳು. ಹ್ವಾದ ಸಲ ಕಂಡಲ್ಲಿ ಒಗದಿದ್ರಿ, ಇನ್ನ ಒಂದು ಎಳಿ ನೆಲಕ್ಕ ಬಿದ್ರ ನನ್ನ ಕೂಡ ಮಾತಾಡಬ್ಯಾಡ್ರಿ ಎಂದು ಎಲ್ಲರಿಗೂ ತಾಕೀತು ಮಾಡಿದಳು. ಹತ್ತಕ್ಕೆ ಸರಿಯಾಗಿ ಡಬ್ಬಿ ಮುಚ್ಚಿತು. ಆ ಸುಗ್ಗಿ ಮುಗಿಯುವವರೆಗೆ ಅವಳು ಒಂದು ದಿನವೂ ತಪ್ಪಿಸಲಿಲ್ಲ, ಜ್ವರ ಬಂದ ದಿನ ಹನ್ನೆರಡು ಜನರೂ ಅವಳ ಹಾಸಿಗೆಯ ಹತ್ತಿರವೇ ಹೋಗಿ ದಾರ ಇಸಿದುಕೊಂಡರು. ಕುಪ್ಪೇಲೂರಿನ ಹೆಣ್ಣುಮಕ್ಕಳು ಇದನ್ನು ಕೇಳಿ ತಮಗೂ ಬೇಕೆಂದರು, ತಮ್ಮೂರಿನ ದನಿಯನ್ನೇ ಹಾಕಿಸಿಕೊಂಡರು. ನಾವು ರೂಪಿಸಿದ್ದೆಂದು ಹೇಳಿಕೊಳ್ಳಲು ನನಗೆ ಆಗಲೇ ಸಂಕೋಚವಾಗುತ್ತಿತ್ತು.

ಬೀಜ ಪರೀಕ್ಷೆಗೆ ಹೋಯಿತು. ಅದನ್ನು ಬಿತ್ತಿ, ಗಿಡ ಬೆಳೆಸಿ ನೋಡಿಯೇ ಹೇಳುತ್ತಾರೆ, ಕೆಲವು ತಿಂಗಳು ಬೇಕು. ಮುಂಗಾರು ಬಿತ್ತನೆ ಮುಗಿದ ಮೇಲೆ ರಾಣೆಬೆನ್ನೂರಿನಲ್ಲಿ ಸಂಘದ ಸಭೆ ಕರೆದರು. ಹೊರಗೆ ಜಿಟಿಜಿಟಿ ಮಳೆ, ಒಳಗೆ ಒದ್ದೆ ಕೊಡೆಗಳು, ಕೂರಲು ಜಾಗವಿಲ್ಲದಷ್ಟು ಬೀಜ ಬೆಳೆಗಾರರು. ಮೇಡ್ಲೇರಿಯ ಹನ್ನೆರಡು ಜನ ಹಿಂದಿನ ಸಾಲಿನಲ್ಲಿ ಗೋಡೆಗೊರಗಿ ನಿಂತಿದ್ದರು, ಶಾಂತವ್ವ ತಲೆ ತಗ್ಗಿಸಿದ್ದಳು. ಅತ್ತೆಯನ್ನೂ ಕರೆತಂದಿದ್ದಳು. ಅಧ್ಯಕ್ಷರು ಕಾಗದ ನೋಡಿ, ಮೇಡ್ಲೇರಿ ಗುಂಪಿನ ಬೀಜ ಪಾಸಾಗಿದೆ, ಈ ಸಲ ಬಂದದ್ದರಲ್ಲೆಲ್ಲ ಅದೇ ಶುದ್ಧ ಎಂದು ಓದಿದರು. ಚಪ್ಪಾಳೆ ಬಿತ್ತು. ದಾರದ ಐಡಿಯಾ ಯಾರದು, ಅವರು ಮುಂದೆ ಬರಲಿ ಎಂದರು. ಹಿರೇಮಠ ಸರ್ ನನ್ನನ್ನು ತಳ್ಳಿದರು, ನಾನು ಶಾಂತವ್ವನ ಕಡೆ ಕೈ ತೋರಿಸಿದೆ. ಶಾಂತವ್ವ ತಲೆ ಎತ್ತಿ, "ನಂದಲ್ರಿ. ನಮ್ಮ ಅತ್ತೀದು. ಬಣ್ಣಾನೂ ಆಕೀದ, ಡಬ್ಬೀನೂ ಆಕೀದ" ಎಂದಳು.

ನಾಲ್ಕು ಜನ ನಿಂಗವ್ವನನ್ನು ಕೈಹಿಡಿದು ಮುಂದೆ ಕರೆದುಕೊಂಡು ಹೋದರು. ಅಧ್ಯಕ್ಷರೇ ಅವಳ ಬಾಯಿಯ ಹತ್ತಿರ ಮೈಕು ಹಿಡಿದರು. ಅವಳಿಗೆ ಸಭೆಯ ಅಂಜಿಕೆ ಇರಲಿಲ್ಲ.

"ನಂದೇನೈತ್ರಿ. ನನಗ ದಾರ ಕಟ್ಟೂದಂದ್ರ ಮೊದಲಿಂದ ಹುರುಪು. ಹ್ವಾದ ವರ್ಷ ಈ ಹುಡುಗ್ಯಾರು ಎಷ್ಟೋ ಕಾಯಿ ಬರೇ ಮೈಲೆ ಬಿಟ್ಟಿದ್ರು. ಒಂದೂ ಬಿಡದಂಗ ಎಲ್ಲಾಕ್ಕೂ ನಾನ ದಾರ ಕಟ್ಟಿದ್ದೆ."

ಅಲ್ಲಿ ಕೂತಿದ್ದವರೆಲ್ಲ ಬೀಜ ಬೆಳೆಯುವವರು. ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಧ್ಯಕ್ಷರ ಮುಖ ಸಣ್ಣಗಾಯಿತು, ಅವರು ನೋಡಿದ್ದು ಮುದುಕಿಯನ್ನಲ್ಲ, ಹಿಂದೆ ನಿಂತಿದ್ದ ಶಾಂತವ್ವನನ್ನು. ಮೇಡ್ಲೇರಿಯ ಹನ್ನೊಂದು ಜನವೂ ಅವಳ ಕಡೆಗೇ ತಿರುಗಿದ್ದರು. ಒಂದು ವರ್ಷ ಅವಳ ಜೊತೆ ಅವರೂ ಆ ಮಾತನ್ನು ಹೊತ್ತವರು, ಅವರ ಹೊಲದ ಬೀಜವೂ ತಿರುಗಿ ಬಂದಿತ್ತು.

ನಿಂಗವ್ವ ಒಬ್ಬೊಬ್ಬರ ಮುಖ ನೋಡಿದಳು. "ಯಾಕ್ರಿ, ಎಲ್ಲಾರೂ ಸುಮ್ಮನಾದ್ರಿ? ನನ್ನಿಂದ ಏನರ ತಪ್ಪಾತೇನು?"

"ಹ್ವಾದ ವರ್ಷ ಬೀಜ ಕೆಟ್ಟಿದ್ದು ಬ್ಯಾರೆ ಹೊಲ ಅತ್ತಿ. ನಮ್ಮದಲ್ಲ" ಎಂದು ಶಾಂತವ್ವ ಹಿಂದಿನಿಂದ ಗಟ್ಟಿಯಾಗಿ ಹೇಳಿದಳು.

ಅಧ್ಯಕ್ಷರು ಮೈಕನ್ನು ತಮ್ಮ ಕಡೆ ತಿರುಗಿಸಿಕೊಂಡರು. ಶಾಂತವ್ವನ ಕಡೆ ಕೈ ಜೋಡಿಸಿ, "ಹೌದವ್ವಾ. ಅದು ಬ್ಯಾರೆ ಹೊಲ" ಎಂದರು.

ಆಮೇಲೆ ಮೇಡ್ಲೇರಿಯ ಹೆಣ್ಣುಮಕ್ಕಳಲ್ಲಿ ಒಬ್ಬಳು, "ಬ್ಯಾರೆ ಹೊಲಾರೀ ನಿಂಗವ್ವ" ಎಂದಳು. ಇನ್ನೊಬ್ಬಳು, "ನಮ್ಮದಲ್ಲ, ಬ್ಯಾರೇದು" ಎಂದಳು. ಹನ್ನೊಂದು ಜನರೂ ಒಬ್ಬೊಬ್ಬರಾಗಿ ಹೇಳಿ ಮುಗಿಸುವವರೆಗೆ ಮುದುಕಿ ಕೇಳಿಸಿಕೊಂಡಳು. "ಹಂಗಾದ್ರ ಚೊಲೋ ಆತ್ ಬಿಡ್ರಿ" ಎಂದು ಅಧ್ಯಕ್ಷರ ಕುರ್ಚಿಯ ಮೇಲೆಯೇ ಕೂತಳು.